ದೇವದಾರು ಮರದ ಬುಡದಲ್ಲಿ ಕೂತವನು

ಆಗಸ್ಟ್ ೨೧, ಗುರುವಾರ. ಬೆಳಿಗ್ಗೆ ಒಂಬತ್ತಕ್ಕೆ ಮುಲುಂಡಿನ ಪೊಲೀಸ್ ಠಾಣೆಗೆ ಬಂದ ವನಮಾಲಾ, ಗಂಡನ ಅಸ್ಥಿ ಕಳವಾಗಿದೆ ಎಂದು ದೂರು ಕೊಟ್ಟಳು. ಇನ್‌ಸ್ಪೆಕ್ಟರ್ ಭೀಮರಾಯ ಅಕ್ಕಲಕೋಟದ ಕಡೆಯವರು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ದೂರು ಕೇಳಿದ್ದು ಇದೇ ಮೊದಲು. ನಗು ಬರಬೇಕಿತ್ತು, ಬರಲಿಲ್ಲ.

ಅವಳ ಗಂಡ ಅಚಿಂತ್ಯ ಹಿಮಾಲಯದ ಹೂವಿನ ಬಯಲು ನೋಡಲು ಹೋಗಿ, ಎತ್ತರದಲ್ಲಿ ಉಸಿರು ಕಟ್ಟಿ ತೀರಿಕೊಂಡಿದ್ದ. ದಹನ ಮುಲುಂಡಿನಲ್ಲೇ ಆಗಿತ್ತು. ಅಸ್ಥಿಯ ಮಡಿಕೆಯನ್ನು ಸ್ಮಶಾನದ ಲಾಕರಿನಲ್ಲಿ ಇಟ್ಟಿದ್ದರು. ಇವತ್ತು ನಸುಕಿಗೆ ತರಲು ಹೋದರೆ ಲಾಕರ್ ಖಾಲಿ.

"ನಾಳೆ ನಾಸಿಕದಲ್ಲಿ ವಿಸರ್ಜನೆ ಸರ್. ನೀರಿಗೆ ಬಿಡದಿದ್ರೆ ಅವರಿಗೆ ದಾರಿ ಸಿಗಲ್ಲ. ನಮ್ಮತ್ತೆ ಊಟ ಬಿಟ್ಟು ಕೂತಿದ್ದಾರೆ."

ಎಫ್‌ಐಆರ್ ದಾಖಲಾಯಿತು. ಹವಾಲ್ದಾರ್ ಶಿವಪುತ್ರ ಸ್ಮಶಾನದಲ್ಲಿ ಪಂಚನಾಮೆ ಮುಗಿಸಿ ಬಂದ. ಲಾಕರಿನ ಬೀಗ ಒಡೆದಿರಲಿಲ್ಲ.

"ಬೀಗ ಯಾರು ತಂದಿದ್ರು, ತಂಗೀ?" ಭೀಮರಾಯ ಕೇಳಿದರು.

"ವಿಕ್ರಂ. ಇವರ ಫ್ರೆಂಡು, ಮಲಾಡಿನಲ್ಲಿದ್ದಾರೆ. ಟ್ರೆಕ್‌ಗೆ ಜೊತೆಗೆ ಹೋದವರು. ಒಂದು ಕೀ ನನಗೆ ಕೊಟ್ರು."

"ಇನ್ನೊಂದು?"

ವನಮಾಲಾ ಗಂಡನ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟಳು. "ಹೇಳಿದ್ರೆ ನನಗೇ ಹುಚ್ಚು ಅಂತೀರೇನೋ. ಬೆಳಿಗ್ಗೆ ಇವರ ನಂಬರಿಗೆ ಇದು ಬಂತು."

ಅದು ಟಿಕೆಟ್ಟಿನ ಸಂದೇಶ. ಬಾಂದ್ರಾ ಟರ್ಮಿನಸ್‌ನಿಂದ ಹರಿದ್ವಾರಕ್ಕೆ ಇಂದು ಮಧ್ಯಾಹ್ನದ ರೈಲು. ಎರಡು ಬರ್ತ್, ಒಂದು ವಿಕ್ರಂ ಹೆಸರಿನಲ್ಲಿ, ಇನ್ನೊಂದು ಅಚಿಂತ್ಯನ ಹೆಸರಿನಲ್ಲಿ. ಗೆಳೆಯರಿಬ್ಬರೂ ಯಾವಾಗಲೂ ಅಚಿಂತ್ಯನ ಖಾತೆಯಿಂದಲೇ ಟಿಕೆಟ್ ತೆಗೆಯುತ್ತಿದ್ದರು. ವಿಕ್ರಂ ಈ ಸಲವೂ ಹಾಗೆಯೇ ಮಾಡಿದ್ದ.

"ಸಾಹೇಬ್ರ, ಸತ್ತವ್ರಿಗೂ ಸೀಟಾ?" ಶಿವಪುತ್ರ ಮೊಬೈಲಿನತ್ತ ಬಗ್ಗಿ ಇನ್ನೊಮ್ಮೆ ಓದಿದ.

"ಗಾಡಿ ತಗಿ," ಎಂದರು ಭೀಮರಾಯ.

ರೈಲು ಹೊರಡುವ ಮೊದಲೇ ಬೋಗಿಯಲ್ಲಿ ವಿಕ್ರಂ ಸಿಕ್ಕ. ಪೊಲೀಸರನ್ನು ಕಂಡು ಓಡಲಿಲ್ಲ. ಕಿಟಕಿ ಪಕ್ಕದ ಜಾಗವನ್ನು ಸ್ವೆಟರ್ ಸುತ್ತಿದ ಮಡಿಕೆಗೆ ಬಿಟ್ಟುಕೊಟ್ಟು, ತಾನು ಎದುರಿಗೆ ಕೂತಿದ್ದ.

"ಇದನ್ನ ಎಲ್ಲಿಗೆ ಒಯ್ಯಾಕತ್ತಿದ್ದಿ?"

"ಹರಿದ್ವಾರದಿಂದ ಮೇಲೆ, ಅದೇ ಬಯಲಿಗೆ. ಹೂವು ತೋರ್ಸೋಕೆ ಸರ್. ಅವತ್ತು ಅಚಿಂತ್ಯ ತಲೆ ಸಿಡೀತಿದೆ, ಕೆಳಗಿಳಿಯೋಣ ಅಂದ. ಇಷ್ಟು ದೂರ ಬಂದು ನಾಟಕ ಮಾಡ್ಬೇಡ ಅಂದೆ ನಾನು. ಅಲ್ಲೊಂದು ಹಳೇ ದೇವದಾರು ಮರ, ನಾಲ್ಕು ಜನ ತಬ್ಬಿದ್ರೂ ಸಾಲದು. ಅದರ ಬುಡದಲ್ಲಿ ಅವನನ್ನ ಕೂರಿಸಿ ಮೇಲೆ ಹೋದೆ. ಬೆಟ್ಟದ ತುಂಬ ನೀಲಿ ಹೂವು. ಫೋಟೋ ತೆಗೀತಾ ಇದ್ದುಬಿಟ್ಟೆ."

"ಆಮ್ಯಾಲ?"

"ವಾಪಸ್ ಬಂದಾಗ ಕೂತೇ ಇದ್ದ. ಕಣ್ಣು ನಾನು ಬರೋ ದಾರಿ ಮೇಲೆ." ವಿಕ್ರಂ ಮಡಿಕೆಗೆ ಸುತ್ತಿದ್ದ ಸ್ವೆಟರಿನ ತೋಳು ಸರಿಮಾಡಿದ. "ಈಗ ಕಣ್ಣು ಮುಚ್ಚಿದ್ರೆ ಸಾಕು, ಬರ್ತಾನೆ. ಬೈಯಲ್ಲ ಸರ್. ಹೂವು ಹೇಗಿತ್ತೋ ಅಂತ ಕೇಳ್ತಾನೆ, ಅಷ್ಟೆ."

ಅಲ್ಲೇ ಅವನ ಬಂಧನವಾಯಿತು. ಜಪ್ತಿಯಾದ ಮಡಿಕೆಯನ್ನು ಬಿಡಿಸಲು ಭೀಮರಾಯ ತಾವೇ ಕೋರ್ಟಿಗೆ ಓಡಿ, ಸಂಜೆಯೊಳಗೆ ಅಪ್ಪಣೆ ತಂದರು. ಗೆಳೆಯನನ್ನು ಮರದ ಕೆಳಗೆ ಬಿಟ್ಟುಹೋದದ್ದಕ್ಕೆ ಅವರಿಗೆ ಯಾವ ಕಲಮೂ ಸಿಗಲಿಲ್ಲ. ಕಳವಿನದ್ದನ್ನೇ ಬರೆದರು.

ಮಡಿಕೆ ಒಯ್ಯಲು ಬಂದ ವನಮಾಲಾಳನ್ನು ವಿಕ್ರಂ ಲಾಕಪ್ಪಿನಿಂದ ಕರೆದ.

"ಭಾಭೀ, ಒಂದು ಹಿಡಿ ಕೊಡಿ. ಹೂವಿನ ಹತ್ರ ಬಿಟ್ಟು ಬರ್ತೀನಿ. ಆಮೇಲೆ ಜೈಲಿಗೆ ಹಾಕ್ಲಿ."

ಅವಳು ಮಡಿಕೆಯನ್ನು ಎದೆಗವಚಿಕೊಂಡಳು.

"ಒಂದು ಸಲ ಇವರನ್ನ ನಿಮ್ಮ ಜೊತೆ ಕಳಿಸಿದ್ದೆನಲ್ಲ ವಿಕ್ರಂ," ಎಂದಳು.