ಪುದಿಯಾಪ್ಲೆಯ ಕಾರು

ಬಸ್ಸಿನ ಕನ್ನಡಿಯಲ್ಲಿ ಎರಡು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಕಬಕದಿಂದ ಪುತ್ತೂರು ಮುಟ್ಟುವುದರೊಳಗೆ ತಲೆಯ ಮೇಲಿನ ಬಟ್ಟೆಯನ್ನು ಮೂರು ಸಲ ಎಳೆದುಕೊಂಡೆ. ಪಕ್ಕದಲ್ಲಿ ಉಮ್ಮ, ಮಡಿಲಲ್ಲಿ ಡಿಪೋಗೆ ಕೊಡಬೇಕಾದ ಬೀಡಿ ಕಟ್ಟು. ಉಮ್ಮ ಮುಂದೆ ಇಳಿದದ್ದೇ ತಡ, ಡ್ರೈವರನನ್ನು ಕೇಳಿಯೇಬಿಟ್ಟೆ.

"ಕನ್ನಡಿಯಲ್ಲಿ ಎಂತ ನೋಡುದು ನೀವು?"

"ಹಿಂದೆ ಲಾರಿ ಉಂಟಲ್ಲ, ಅದನ್ನು."

"ಲಾರಿ ಆಗಲೇ ಮುಂದೆ ಹೋಗಿ ಆಯ್ತು."

"ಹೌದಾ? ನಂಗೆ ಕಾಣ್ಲೇ ಇಲ್ಲ ನೋಡಿ."

ನಗು ನುಂಗಿಕೊಂಡು ಇಳಿದೆ. ಅವನ ಹೆಸರು ಸುಲೈಮಾನ್, ಸುಳ್ಯದವನು. ಆರು ತಿಂಗಳೊಳಗೆ ಅವನ ಸೋದರಮಾವ ನಮ್ಮ ಮನೆಗೆ ಹೆಣ್ಣು ಕೇಳಲು ಬಂದರು.

ಅದು ಅರವತ್ತಾರನೇ ಇಸವಿ. ಕಾರು ಬೇಕಾದವರು ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಸುಲೈಮಾನನ ಬಾಪ ತೀರಿಹೋಗುವ ಮೊದಲೇ ಬರೆಸಿದ್ದ ಹೆಸರಿಗೆ ಈಗ ಸರದಿ ಬಂದಿತ್ತು. ಮೂರು ತಿಂಗಳಲ್ಲಿ ಕಾರು ಎಂದು ಮಂಗಳೂರಿನ ಏಜೆಂಟರ ಕಾಗದ. ಕಾರು ಬಂದ ಮೇಲೆ ನಿಕಾಹ್ ಎಂದು ಎರಡೂ ಮನೆಯವರು ಮಾತಾಡಿಕೊಂಡರು. ಟ್ಯಾಕ್ಸಿ ಓಡಿಸುವ ಆಸೆಗೆ ಅವನು ಬಸ್ಸಿನ ಕೆಲಸ ಬಿಟ್ಟ. ಆ ಸೀಟಿನಲ್ಲಿ ಕುಕ್ಕಪ್ಪ ಎಂಬ ಬೇರೆ ಡ್ರೈವರ್ ಬಂದು ಕೂತರು.

ನಮ್ಮಲ್ಲಿ ಮದುವೆಯಾದ ಗಂಡು, ಪುದಿಯಾಪ್ಲೆ, ಹೆಂಡತಿಯ ಮನೆಗೆ ಬಂದು ಇರುವುದು ಕ್ರಮ. ಪುದಿಯಾಪ್ಲೆ ಬಂದರೆ ಅವನ ಕಾರೂ ಬರಬೇಕಲ್ಲ. ನನ್ನ ಬಾಪ ಮೂಸಕುಂಞಿ ಅಂಗಳದ ಮೂಲೆಯಲ್ಲಿ ಹಂಚಿನ ಶೆಡ್ಡು ಕಟ್ಟಿಸಿದರು. ಕಬಕದಲ್ಲಿ ದನದ ಹಟ್ಟಿ ಎಷ್ಟೋ ಮನೆಗಳಲ್ಲಿತ್ತು, ಕಾರಿನ ಹಟ್ಟಿ ನಮ್ಮಲ್ಲಿ ಮಾತ್ರ.

ಮೂರು ತಿಂಗಳಾದಾಗ ಕಾರು ಬರಲಿಲ್ಲ, ಇನ್ನೊಂದು ಕಾಗದ ಬಂತು. ಕಾರ್ಖಾನೆಯಲ್ಲಿ ಮುಷ್ಕರ.

ಪ್ರತಿ ಶುಕ್ರವಾರ ಜುಮಾ ಮುಗಿಸಿ ಸುಲೈಮಾನ್ ಪೇಪರು ಹಿಡಿದು ಬರುತ್ತಿದ್ದ. ಜಗಲಿಯಲ್ಲಿ ಅವನು, ಬಾಗಿಲ ಹಿಂದೆ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ನಾನು. ಅವನು ಓದುವುದು ಬಾಪನಿಗೆ, ಸ್ವರ ಏರಿಸುವುದು ನನಗೆ.

"ಮಾತುಕತೆ ಮುರಿದು ಬಿತ್ತಂತೆ."

"ಆ ಕೆಲಸದವರ ಕೈ ಸೇದಿಹೋಗ್ಲಿ," ಎಂದೆ ಒಂದು ದಿನ, ಬಾಪ ಒಳಗೆ ಹೋದಾಗ.

"ಹಾಗೆ ಹೇಳ್ಬೇಡ ನೆಬೀಸ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗೇಟಿನ ಎದುರು ಕೂತಿದ್ದಾರಂತೆ. ಕಳೆದ ವರ್ಷ ಡಿಪೋದವರು ಕಟ್ಟಿದ್ದು ಸರಿಯಿಲ್ಲ ಅಂತ ಬೀಡಿ ಬಿಸಾಡಿದಾಗ ನೀವೆಲ್ಲ ಎಲೆ ಮುಟ್ಟದೆ ಎಷ್ಟು ದಿವಸ ಕೂತದ್ದು?"

"ಒಂಬತ್ತು."

"ಆಗ ಬೀಡಿ ಸಿಗ್ಲಿಲ್ಲ ಅಂತ ನಾನು ನಿಂಗೆ ಶಾಪ ಹಾಕಿದ್ದೇನಾ?"

ನಕ್ಕುಬಿಟ್ಟೆ. ಆಮೇಲೆ ಶಾಪ ಹಾಕಲೂ ನನಗೆ ಯಾರೂ ಉಳಿಯಲಿಲ್ಲ.

ಬಕ್ರೀದ್ ಕಳೆಯಿತು. ಅವನಿಗೆ ವಾರಕ್ಕೆ ಎರಡು ದಿನ ಬದಲಿ ಡ್ರೈವರ್ ಕೆಲಸ, ಅದೂ ಸಿಕ್ಕಿದರೆ. ಪೇಟೆಯಲ್ಲಿ ಯಾರೋ ಬಾಪನನ್ನು, "ಮೂಸಾಕ, ಶೆಡ್ಡಿನಲ್ಲಿ ಕಾರು ಮರಿ ಹಾಕಿತಾ?" ಎಂದು ಕೇಳಿದರಂತೆ. ಬಾಪ ಆ ದಿನ ಊಟಕ್ಕೆ ಏಳಲಿಲ್ಲ.

ಮರು ಶುಕ್ರವಾರ ಸುಲೈಮಾನನನ್ನು ಶೆಡ್ಡಿನ ಹತ್ತಿರ ತಡೆದೆ.

"ಕಾರಿಲ್ಲದಿದ್ರೂ ಬನ್ನಿ. ನಡ್ಕೊಂಡೇ ಬನ್ನಿ."

"ಬಂದು?"

"ಬಂದು ಇರಿ. ನಾನು ಬೀಡಿ ಕಟ್ತೇನಲ್ಲ."

ಅವನು ತಲೆ ತಗ್ಗಿಸಿದ. "ಹೆಂಡತಿ ಮನೆಯಲ್ಲಿ ಕೂತು, ಹೆಂಡತಿ ದುಡಿದದ್ದನ್ನು ಉಣ್ಣುದು ನನ್ನಿಂದ ಆಗುದಿಲ್ಲ. ನಿನ್ನ ಬಾಪನ ಮುಖ ಹೇಗೆ ನೋಡ್ಲಿ?"

"ನನ್ನ ಮುಖ ನೋಡಿದ್ರೆ ಸಾಲದಾ?"

ಅವನು ಪೇಪರು ಮಡಚಿ ಕಂಕುಳಲ್ಲಿಟ್ಟು ಹೊರಟ. ಮತ್ತೆ ನಾಲ್ಕು ಶುಕ್ರವಾರ ಬರಲಿಲ್ಲ.

ನನ್ನ ಬೆನ್ನಿಗೆ ಇಬ್ಬರು ತಂಗಿಯರಿದ್ದರು. ಆಲಂಕಾರಿನಲ್ಲಿ ಅಂಗಡಿ ಇಟ್ಟವರೊಬ್ಬರ ಸಂಬಂಧ ಬಂದಾಗ ಬಾಪ ಮಾತು ಕೊಟ್ಟರು, ಜಮಾತಿಗೆ ತಿಳಿಸಿಯೂ ಆಯಿತು. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಹೇಳಬೇಕಾದವನಿಗೆ ಹೇಳಿ ಮುಗಿಸಿದ್ದೆ.

ನಿಕಾಹಿಗೆ ಮೂರು ದಿನ ಇರುವಾಗ, ಬೆಳಿಗ್ಗೆ, ಸುಲೈಮಾನ್ ಬಂದ. ಬಾಪ ಮನೆಯಲ್ಲಿರಲಿಲ್ಲ. ಉಮ್ಮ ಅವನನ್ನು ನೋಡಿ, ನನ್ನನ್ನು ನೋಡಿ, ಹಿತ್ತಲಿಗೆ ಹೋದರು.

"ಮುಷ್ಕರ ಮುಗಿಯಿತು," ಎಂದ. "ಎರಡು ತಿಂಗಳಲ್ಲಿ ಕಾರು ಬರ್ತದಂತೆ."

"ಸೋಮವಾರ ನನ್ನ ನಿಕಾಹ್. ಗೊತ್ತುಂಟಾ ನಿಮಗೆ?"

"ಗೊತ್ತುಂಟು."

"ಮತ್ತೆ ನಂಗೆ ಯಾಕೆ ಹೇಳುದು?"

"ಬೇರೆ ಯಾರಿಗೆ ಹೇಳುದು? ಇಷ್ಟು ದಿವಸ ಕಾದದ್ದು ನಾವಿಬ್ಬರೇ ಅಲ್ವಾ."

ಬಾಗಿಲು ದಾಟಿ ಬಂದು ಅವನ ಎದುರು ನಿಂತೆ. ಗಡ್ಡ ಬೆಳೆದಿತ್ತು. ಅಂಗಿಯ ಒಂದು ಗುಂಡಿ ಹೋಗಿತ್ತು. ಹೊಲಿದುಕೊಡಬೇಕಾದವಳು ನಾನಾಗಿದ್ದೆ. ಬೆರಳುಗಳನ್ನು ಮುಷ್ಟಿಯೊಳಗೆ ಹಿಡಿದುಕೊಂಡೆ.

"ಕೆಲಸದವರು ಕೇಳಿದ್ದು ಸಿಕ್ಕಿತಾ?"

"ಅರ್ಧ ಸಿಕ್ಕಿತಂತೆ."

"ಅರ್ಧವಾದ್ರೂ ಸಿಕ್ಕಿತಲ್ಲ."

ಅವನು ಹೌದೆಂದು ತಲೆಯಾಡಿಸಿದ. ನಾವು ಎಂದೂ ಕಾಣದ ಊರಿನ, ಎಂದೂ ಕಾಣದ ಜನರಿಗಾಗಿ ಇಬ್ಬರೂ ಸ್ವಲ್ಪ ಹೊತ್ತು ಸಂತೋಷಪಟ್ಟು ನಿಂತೆವು. ಆಮೇಲೆ ಅವನು ಅಂಗಳ ದಾಟಿ ಹೋದ.

ಉಮ್ಮ ಹಿತ್ತಲಿನಿಂದ ಬೇಗ ಬರಲಿಲ್ಲ. ನಾನು ಅತ್ತು ಮುಗಿಸಲಿ ಎಂದು ಅಲ್ಲಿಯೇ ನಿಂತಿದ್ದಿರಬೇಕು.