ಹೆಸರಿಡದ ಕುದುರೆ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳಾಚೆ ಹೊಂಗಾವಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಮನುಷ್ಯರಿಗೆ ಹೆಸರಿಡುವ ಹಾಗೆಯೇ ಕುದುರೆಗೂ ಹೆಸರಿಡುತ್ತಿದ್ದರು. ಮರಿ ಹುಟ್ಟಿದ ಮೂರನೆಯ ದಿನ ಅದರ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿ ಹಟ್ಟಿಗೆಲ್ಲ ಬೆಲ್ಲ ಹಂಚುತ್ತಿದ್ದರು. ಒಮ್ಮೆ ಕಿವಿಗೆ ಬಿದ್ದ ಹೆಸರು ಸಾಯುವವರೆಗೂ ಬದಲಾಗುತ್ತಿರಲಿಲ್ಲ. ಚೆಂದದ ಪದ್ಧತಿಯೇ. ಆದರೆ ಬೂದಿಗಣ್ಣ ಬಂದ ಮೇಲೆ ಅದೇ ಆ ನಾಡಿಗೆ ಮುಳುವಾಯಿತು.

ಬೂದಿಗಣ್ಣ ಮಾಂತ್ರಿಕ. ಅವನ ಎರಡು ಕಣ್ಣೂ ಆರಿದ ಒಲೆಯ ಬೂದಿಯ ಬಣ್ಣ. ವಯಸ್ಸು ಮುನ್ನೂರು ದಾಟಿತ್ತು. ಅವನು ಯಾರದಾದರೂ ಹೆಸರು ಹಿಡಿದು ‘ನಿಲ್ಲು’ ಅಂದರೆ ಸಾಕು, ಆ ಹೆಸರಿನ ಜೀವ ಕಾಲಿನಿಂದ ಮೇಲಕ್ಕೆ ಕಲ್ಲಾಗುತ್ತಿತ್ತು. ಅವನು ಬಂದ ವಾರದೊಳಗೆ ಬೀದಿಯಲ್ಲಿ ಹೆಸರುಗಳೇ ಕೇಳಿಸದಾದವು. ಅಂಗಡಿಯವನು ಗಿರಾಕಿಯನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟ. ತಾಯಂದಿರು ಗಂಡುಮಗುವಿಗೂ ‘ಮಗಾ’, ಹೆಣ್ಣುಮಗುವಿಗೂ ‘ಮಗಾ’ ಎಂದಷ್ಟೇ ಹೇಳಿ ಒಳಗೆ ಎಳೆದುಕೊಳ್ಳುತ್ತಿದ್ದರು. ಬೂದಿಗಣ್ಣ ಎದುರು ಬಂದರಂತೂ ಆ ಮಾತೂ ನಿಂತುಹೋಗುತ್ತಿತ್ತು.

ಮಾಯೆಗೂ ಒಂದು ಪಣ ಬೇಕು, ಇಲ್ಲದಿದ್ದರೆ ಅದು ಅನ್ನದ ಹಾಗೆ ಹಳಸುತ್ತದೆ. ಅದಕ್ಕೇ ಬೂದಿಗಣ್ಣ ಅರಸನೊಡನೆ ಒಂದು ಪಣ ಕಟ್ಟಿದ. ವರ್ಷಕ್ಕೊಮ್ಮೆ ಮೂರು ನೆಗೆತದ ಓಟ ನಡೆಯಬೇಕು. ಹಟ್ಟಿಗೊಂದು ಸರದಿಯಂತೆ ಒಂದು ಕುದುರೆ, ಒಬ್ಬ ಸವಾರ ಬರಬೇಕು. ಓಟದಲ್ಲಿ ತಾನು ಸವಾರನ ಹೆಸರು ಕೂಗುವುದಿಲ್ಲ. ತನ್ನ ಮೂರು ಕುದುರೆಗಳನ್ನು ಯಾವ ದಿನ ಬೇರೊಂದು ಕುದುರೆ ಸೋಲಿಸುತ್ತದೋ ಅಂದು ತನ್ನ ಮಾಯೆಯೆಲ್ಲ ಬಿಚ್ಚಿಹೋಗಲಿ. ಅರಸ ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ? ಅವನ ಹೆಸರು ನಾಡಿಗೆಲ್ಲ ಗೊತ್ತಿತ್ತಲ್ಲ.

ಬೂದಿಗಣ್ಣ ಬಂದ ವರ್ಷವೇ ಕುದುರೆಹಟ್ಟಿಯ ಮೂವರು ಒಳ್ಳೆಯ ಸವಾರರು ಕಾಣೆಯಾದರು. ಅದೇ ವರ್ಷ ಅವನ ಲಾಯದಲ್ಲಿ ಮೂರು ಕುದುರೆ ಕಾಣಿಸಿಕೊಂಡವು. ಈ ಎರಡನ್ನೂ ಒಟ್ಟಿಗಿಟ್ಟು ಯೋಚಿಸುವ ಧೈರ್ಯ ಯಾರಿಗೂ ಇರಲಿಲ್ಲ, ಕಾಳವ್ವನೊಬ್ಬಳನ್ನು ಬಿಟ್ಟು. ಕಾಣೆಯಾದ ಮೂವರಲ್ಲಿ ಒಬ್ಬ ಅವಳ ಮಗ ದ್ಯಾವಣ್ಣ.

ಒಂಬತ್ತು ವರ್ಷ ಒಂಬತ್ತು ಓಟ ನಡೆದವು. ಪ್ರತಿ ಸಲವೂ ನೆಗೆಯುವ ಹೊತ್ತಿಗೆ ಬೂದಿಗಣ್ಣ ಎತ್ತರದ ಕಟ್ಟೆಯ ಮೇಲೆ ನಿಂತು ಕುದುರೆಯ ಹೆಸರು ಕೂಗುತ್ತಿದ್ದ. ಕುದುರೆಯ ಗೊರಸಿನಿಂದ ಹತ್ತಿದ ಕಲ್ಲು ಸವಾರನ ನೆತ್ತಿಗೆ ಮುಟ್ಟುತ್ತಿತ್ತು. ಓಟದ ಬಯಲಲ್ಲಿ ಅಂಥ ಒಂಬತ್ತು ಕಲ್ಲುಗಳು ನಿಂತಿದ್ದವು. ಬಿಸಿಲೇರಿದರೆ ಅವು ಬೆವರುತ್ತಿದ್ದವು.

ಕಾಳವ್ವ ಹಟಮಾರಿ ಹೆಂಗಸು. ನಾಲ್ಕು ವರ್ಷದ ಹಿಂದೆ ಅವಳ ಮನೆಯ ಕುದುರೆ ಕೆಂಪು ಹೆಣ್ಣುಮರಿ ಹಾಕಿದಾಗ ಅವಳು ಲಾಯದ ಬಾಗಿಲು ಮುಚ್ಚಿ ಮೂರು ದಿನ ಯಾರಿಗೂ ಒಳಗೆ ತುಟಿ ಬಿಚ್ಚಲು ಬಿಡಲಿಲ್ಲ. ಹೆಸರಿಡಲಿಲ್ಲ, ಬೆಲ್ಲ ಹಂಚಲಿಲ್ಲ. ಹಟ್ಟಿಯವರು ಅಪಶಕುನ ಎಂದರು, ಈ ಮುದುಕಿಗೆ ತಲೆ ಕೆಟ್ಟಿದೆ ಎಂದರು, ಬೆಲ್ಲ ಉಳಿಸಲು ಮಾಡಿದ ಉಪಾಯ ಎಂದೂ ಆಡಿಕೊಂಡರು. ಕಾಳವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಮಗಳು ಪುಟ್ಟೀರಿ ಮರಿಯನ್ನು ಸಾಕಿದಳು. ನಾಲಗೆ ಲೊಚಗುಟ್ಟಿದರೆ ಅದು ಬರುತ್ತಿತ್ತು, ಬೆನ್ನು ತಟ್ಟಿದರೆ ಹೋಗುತ್ತಿತ್ತು. ಅದರ ಬಗ್ಗೆ ಮಾತಾಡುವಾಗ ತಾಯಿ ಮಗಳು ‘ಅದು’ ಎಂದಷ್ಟೇ ಹೇಳುತ್ತಿದ್ದರು.

ಹತ್ತನೆಯ ವರ್ಷದ ಸರದಿ ಕುದುರೆಹಟ್ಟಿಗೆ ಬಂತು. ಬೇರೆ ಯಾರನ್ನೂ ಆ ಕೆಂಪು ಕುದುರೆ ಬೆನ್ನ ಮೇಲೆ ಹತ್ತಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಪುಟ್ಟೀರಿಯೇ ಹೋಗಬೇಕಾಯಿತು. ಅವಳಿಗೆ ಇಪ್ಪತ್ತು ವರ್ಷ, ಮತ್ತು ಬಹಳ ಭಯ. ಹಿಂದಿನ ಒಂದು ವಾರ ಅವಳಿಗೆ ತುತ್ತು ಇಳಿದಿರಲಿಲ್ಲ. ಸೋತರೆ ತಾನು ಬಯಲಿನ ಹತ್ತನೆಯ ಕಲ್ಲು, ಅಣ್ಣ ಸಾಯುವವರೆಗೂ ಬೂದಿಗಣ್ಣನ ಲಾಯದ ಕುದುರೆ, ಅವ್ವನಿಗೆ ಯಾರೂ ಇಲ್ಲ. ಕಣ್ಣು ಮುಚ್ಚಿದರೂ ತೆರೆದರೂ ಅವಳಿಗೆ ಇದೊಂದೇ ಕಾಣುತ್ತಿತ್ತು.

ಓಟದ ದಿನ ನಡುಮಧ್ಯಾಹ್ನ ನಾಡೆಲ್ಲ ಬಯಲಿನ ಸುತ್ತ ನೆರೆದಿತ್ತು. ಕಾಳವ್ವ ಮಗಳ ಕಾಲನ್ನು ಜೀನಿನ ರಿಕಾಪಿಗೆ ಸೇರಿಸಿ ತಲೆಯೆತ್ತಿ ನೋಡಿದಳು.

“ಎದೆ ಕಲ್ಲು ಮಾಡ್ಕೋ,” ಅಂದಳು. “ಬಾಯಿ ಮಾತ್ರ ಬಿಡಬೇಡ. ಏನೇ ಆದ್ರೂ ಅದನ್ನ ಏನಂತಾನೂ ಕರೀಬೇಡ.”

ಪುಟ್ಟೀರಿ ತಲೆಯಾಡಿಸಿದಳು.

ಬೂದಿಗಣ್ಣನ ಮೂರು ಕುದುರೆಗಳು ಸವಾರರಿಲ್ಲದೆ ಬಂದು ಪಕ್ಕದಲ್ಲಿ ನಿಂತವು. ಒಂಬತ್ತು ವರ್ಷ ಗೆದ್ದ ಕುದುರೆಗಳವು. ಪುಟ್ಟೀರಿ ಅವನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ದೂರದಿಂದ ಬೆಟ್ಟದಂತೆ ಕಾಣುತ್ತಿದ್ದ ಅವು ಹತ್ತಿರದಲ್ಲಿ ಮುದಿಯಾಗಿದ್ದವು. ಒಂದರ ಮೂತಿ ನರೆತಿತ್ತು, ಇನ್ನೊಂದರ ಮೊಣಕಾಲು ಊದಿತ್ತು, ಮೂರನೆಯದರ ಕೇಸರ ಪೂರಾ ಬಿಳಿ. ಅವುಗಳ ಉಸಿರಿಗೆ ಬೂದಿಯ ವಾಸನೆ ಇತ್ತು. ಅವೂ ಹೆದರಿ ನಡುಗುತ್ತಿದ್ದವು. ಅದನ್ನು ಕಂಡು ಪುಟ್ಟೀರಿಗೆ ಇನ್ನಷ್ಟು ಭಯವಾಯಿತು.

ಕಹಳೆ ಊದಿದರು. ನಾಲ್ಕು ಕುದುರೆಗಳೂ ಚಿಮ್ಮಿ ಓಡಿದವು.

ಮೊದಲನೆಯದು ಮುಳ್ಳುಬೇಲಿ. ಹತ್ತಿರ ಹೋದಂತೆ ಅದರ ಪ್ರತಿ ಮುಳ್ಳಿಗೂ ಒಂದೊಂದು ಬಾಯಿ ಬಂತು. ಸಾವಿರ ಬಾಯಿಗಳೂ ಹಲ್ಲು ಕಡಿಯತೊಡಗಿದವು. ಕಟ್ಟೆಯ ಮೇಲಿಂದ ಬೂದಿಗಣ್ಣ ಬಗ್ಗಿ ನೋಡಿದ. ಈ ಕುದುರೆಯ ಹೆಸರನ್ನು ಅವನ ದೂತರು ವಾರದಿಂದ ಹುಡುಕಿ ಬರಿಗೈಲಿ ಬಂದಿದ್ದರು. ಬಣ್ಣ ನೋಡಿ ಊಹಿಸಿ ಕೂಗಿದ.

“ಕೆಂಪಿ, ನಿಲ್ಲು!”

ಬಯಲಿನಂಚಿನ ಹುಣಸೆಮರಕ್ಕೆ ಯಾರೋ ಕಟ್ಟಿದ್ದ ಕೆಂಪಿ ಎಂಬ ಹಸು, ಬಾಯಲ್ಲಿ ಹುಲ್ಲು ಇದ್ದಂತೆಯೇ ಕಲ್ಲಾಯಿತು. ಪುಟ್ಟೀರಿಯ ಕುದುರೆ ಕಿವಿಯನ್ನೂ ಅಲುಗಿಸಲಿಲ್ಲ. ಅದು ನಾಲ್ಕು ಕಾಲೂ ಮಡಚಿ ಬೇಲಿಯ ಮೇಲೆ ಹಾರಿತು. ಹಲ್ಲುಗಳು ಅವಳ ಸೆರಗಿನ ತುದಿಯನ್ನಷ್ಟೇ ಕಚ್ಚಿಕೊಂಡವು. ಊದಿದ ಮೊಣಕಾಲಿನ ಮುದಿ ಕುದುರೆ ನೆಗೆದು ಇಳಿಯುವಾಗ ಮುಗ್ಗರಿಸಿ ಹಿಂದೆ ಬಿತ್ತು.

ಎರಡನೆಯದು ಕಪ್ಪುನೀರಿನ ಹಳ್ಳ. ಅದರಲ್ಲಿ ಇಣುಕಿದವರಿಗೆ ತಮ್ಮ ಹೆಣ ಕಾಣುತ್ತಿತ್ತು. ಪುಟ್ಟೀರಿ ನೋಡಬಾರದು ಎಂದುಕೊಂಡೇ ನೋಡಿದಳು. ನೀರಿನಡಿ ಅವಳು ಕಲ್ಲಾಗಿ ಮಲಗಿದ್ದಳು. ಅವಳ ತಲೆಗೂದಲು ಪಾಚಿಯಂತೆ ಆಡುತ್ತಿತ್ತು, ಅವ್ವ ದಡದಲ್ಲಿ ಕೂತು ಕಲ್ಲಿನ ಮೈ ಒರೆಸುತ್ತಿದ್ದಳು. ಕೆಳಗೆ ನೋಡಿ ಕುದುರೆಯೂ ಬೆಚ್ಚಿತು. ಅದಕ್ಕೆ ಏನು ಕಂಡಿತೋ, ಮುಂಗಾಲು ಊರಿ ನಿಂತು ಹಿಂದೆ ಸರಿಯತೊಡಗಿತು. ಪುಟ್ಟೀರಿ ಅದರ ಕುತ್ತಿಗೆಯನ್ನು ತಬ್ಬಿದಳು. ಅವಳಿಗೆ ಭಯವಾದಾಗಲೆಲ್ಲ ಅವ್ವ ಹೇಳುತ್ತಿದ್ದ ಮಾತು ತಾನಾಗಿ ಬಾಯಿಗೆ ಬಂತು.

“ಹೆದರಬೇಡ ಮಗಾ, ನಾನಿದ್ದೀನಿ.”

ಕುದುರೆ ಒಂದೇ ನೆಗೆತಕ್ಕೆ ಹಳ್ಳ ದಾಟಿತು. ಮುಂದೆ ಓಡುತ್ತಿದ್ದ ಬಿಳಿ ಕೇಸರದ ಕುದುರೆ ಆ ದನಿ ಕೇಳಿ ತಿರುಗಿ ನೋಡಿತು. ನರೆತ ಮೂತಿಯದು ಹಳ್ಳದ ದಡದಲ್ಲೇ ಹಿಂದೆ ಬಿತ್ತು. ಆದರೆ ಕಟ್ಟೆಯ ಮೇಲೆ ಬೂದಿಗಣ್ಣ ಕಿವಿಗೆ ಕೈಯಿಟ್ಟು ಕೇಳಿಸಿಕೊಂಡಿದ್ದ. ಅವನು ಮೆಲ್ಲಗೆ ನಕ್ಕ.

ಪುಟ್ಟೀರಿ ನಾಲಗೆ ಕಚ್ಚಿಕೊಂಡಳು. ನಾಲ್ಕು ವರ್ಷ ಕಾಪಾಡಿದ್ದನ್ನು ಎರಡು ಅಕ್ಷರದ ಮಾತಿಗೆ ಕಳೆದುಬಿಟ್ಟೆ ಎಂದು ಅವಳಿಗೆ ಅಳು ಬಂತು. ಹಳ್ಳದಿಂದ ಕೊನೆಯ ನೆಗೆತಕ್ಕೆ ಅರ್ಧ ಹರದಾರಿ. ಅಷ್ಟು ದೂರವೂ ಬೂದಿಗಣ್ಣ ಬಾಯಿ ತೆರೆಯಲಿಲ್ಲ. ಅವನಿಗೆ ಅವಸರವಿರಲಿಲ್ಲ. ಈಗ ಕೂಗುತ್ತಾನೆ, ಈಗ ಕೂಗುತ್ತಾನೆ ಎಂದು ಅವಳು ಪ್ರತಿ ಹೆಜ್ಜೆಗೂ ಸತ್ತು ಹುಟ್ಟಿದಳು.

ಮೂರನೆಯದು ಗೋಡೆ. ಸುತ್ತ ಎಷ್ಟು ಹೆದರಿಕೆ ಇದೆಯೋ ಅಷ್ಟು ಎತ್ತರ ಬೆಳೆಯುವ ಗೋಡೆ ಅದು. ಬೂದಿಗಣ್ಣನ ಕುದುರೆಗಳು ಬಂದಾಗ ಮಾತ್ರ ಅವನ ಕೈಸನ್ನೆಗೆ ಅದು ತಗ್ಗುತ್ತಿತ್ತು. ಅಂದು ಬಯಲ ಸುತ್ತ ನೆರೆದ ಸಾವಿರಾರು ಎದೆಗಳ ಹೆದರಿಕೆ ಕುಡಿದು ಅದು ಮೋಡಕ್ಕೆ ಮುಟ್ಟಿತ್ತು. ಬಿಳಿ ಕೇಸರದ ಕುದುರೆಯೂ ಕೆಂಪು ಕುದುರೆಯೂ ಭುಜಕ್ಕೆ ಭುಜ ತಾಗಿಸಿ ಅದರತ್ತ ಓಡಿದವು. ಆಗ ಬೂದಿಗಣ್ಣ ಎರಡು ಕೈಯೂ ಎತ್ತಿ, ನಾಡಿಗೆಲ್ಲ ಕೇಳುವ ಹಾಗೆ ಕೂಗಿದ.

“ಮಗಾ, ನಿಲ್ಲು!”

ಮುನ್ನೂರು ವರ್ಷ ಬದುಕಿದವನಿಗೆ ಇಷ್ಟು ತಿಳಿಯಬೇಡವೇ? ಮಗಾ ಎನ್ನುವುದು ಯಾರೊಬ್ಬರ ಹೆಸರೂ ಅಲ್ಲ. ಆದರೆ ಆ ನಾಡಿನಲ್ಲಿ ಹುಟ್ಟಿದ ಪ್ರತಿಯೊಬ್ಬರ ಕಿವಿಗೂ, ಹೆಸರಿಗಿಂತ ಮೂರು ದಿನ ಮೊದಲೇ, ತಾಯಿಯ ಬಾಯಿಂದ ಬಿದ್ದ ಮಾತು ಅದೇ. ಹತ್ತು ವರ್ಷದಿಂದ ಅವನೆದುರು ಯಾವ ತಾಯಿಯೂ ಆ ಮಾತಾಡಿರಲಿಲ್ಲ. ಅವನಿಗೆ ಇದನ್ನು ಹೇಳುವವರು ಯಾರು?

ಬಯಲಿನ ಜನವೆಲ್ಲ ನಿಂತಲ್ಲೇ ಕಲ್ಲಾಗತೊಡಗಿದರು. ಅರಸ ಸಿಂಹಾಸನದಲ್ಲಿ ಕಲ್ಲಾದ, ಮಜ್ಜಿಗೆ ಹೊಯ್ಯುತ್ತಿದ್ದವಳು ಬಗ್ಗಿದಂತೆಯೇ ಕಲ್ಲಾದಳು. ಕಾಳವ್ವ ಮಗಳ ಕಡೆ ಕೈಚಾಚಿ ಕಲ್ಲಾದಳು. ಹಿಂದೆ ಎರಡು ಮುದಿ ಕುದುರೆಗಳು ಕಲ್ಲಾಗಿ ನಿಂತವು. ಪಕ್ಕದಲ್ಲಿ ಬಿಳಿ ಕೇಸರದ ಕುದುರೆ, ತಾನೂ ಒಬ್ಬ ತಾಯಿಯ ಮಗನಾದದ್ದರಿಂದ, ಕಾಲೆತ್ತಿದಂತೆಯೇ ನಿಂತಿತು. ಕಟ್ಟೆಯ ಮೇಲೆ ಬೂದಿಗಣ್ಣ ತನ್ನ ಪಾದ ನೋಡಿಕೊಂಡ. ಅವು ಕಲ್ಲಾಗಿದ್ದವು. ಎಷ್ಟೋ ಕಾಲದ ಹಿಂದೆ ಅವನಿಗೂ ಒಬ್ಬಳು ತಾಯಿ ಇದ್ದಳು. ಅವಳನ್ನು ಅವನು ಮರೆತಿದ್ದ, ಅವನ ಕಿವಿ ಮರೆತಿರಲಿಲ್ಲ.

ಪುಟ್ಟೀರಿಯ ಕಾಲು ತಣ್ಣಗಾಯಿತು. ಚಳಿ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಲಗಾಮು ಹಿಡಿದ ಬೆರಳುಗಳು ಬಿಗಿದುಕೊಂಡವು. ಅವಳು ಕಿರುಚಬೇಕೆಂದುಕೊಂಡಳು. ಅಷ್ಟರಲ್ಲಿ ಚಳಿ ಎದೆಗೆ ಮುಟ್ಟಿ ಎದೆ ಕಲ್ಲಾಯಿತು. ಜನ ಎದೆ ಕಲ್ಲು ಮಾಡಿಕೊಳ್ಳಿ ಎಂದು ಸಲೀಸಾಗಿ ಹೇಳಿಬಿಡುತ್ತಾರೆ, ಅದು ನಿಜವಾಗಿ ಆದದ್ದು ಪುಟ್ಟೀರಿಗೆ. ವಾರದಿಂದ ಅವಳನ್ನು ತಿನ್ನುತ್ತಿದ್ದ ಭಯ ಅಲ್ಲಿಗೆ ನಿಂತಿತು. ಬಯಲಿನ ಸಾವಿರಾರು ಎದೆಗಳಲ್ಲೂ ನಿಂತಿತು. ಹೆದರಲು ಯಾರೂ ಉಳಿಯಲಿಲ್ಲ.

ಮೋಡ ಮುಟ್ಟಿದ್ದ ಗೋಡೆ ಕುಸಿಯತೊಡಗಿತು. ಮರದೆತ್ತರಕ್ಕೆ ಇಳಿಯಿತು, ಆಳೆತ್ತರಕ್ಕೆ ಇಳಿಯಿತು, ಕೊನೆಗೆ ತುಳಸಿಕಟ್ಟೆಯಷ್ಟಾಗಿ ನಿಂತಿತು.

ಇಡೀ ಬಯಲಿನಲ್ಲಿ ಉಸಿರಾಡುತ್ತಿದ್ದುದು ಒಂದೇ ಜೀವ. ಹುಟ್ಟಿದ ಮೂರು ದಿನ ಕಿವಿಗೆ ಒಂದು ಮಾತೂ ಬೀಳದ, ನಾಲ್ಕು ವರ್ಷದ ಕೆಂಪು ಕುದುರೆ. ಅದರ ಬೆನ್ನ ಮೇಲೆ ಒಂದು ಆಳಿನ ಗಾತ್ರದ ಕಲ್ಲು. ಭಾರಕ್ಕೆ ಅದರ ಮುಂಗಾಲು ಕುಸಿದು ಮೂತಿ ಮಣ್ಣಿಗೆ ತಾಗಿತು. ಪುಟ್ಟೀರಿಯ ಕಣ್ಣು ಮಾತ್ರ ಇನ್ನೂ ಕಲ್ಲಾಗಿರಲಿಲ್ಲ. ಕುದುರೆ ಏದುಸಿರು ಬಿಡುತ್ತ ಏಳುವುದನ್ನು ಅವಳು ನೋಡಿದಳು. ಲೊಚಗುಟ್ಟಲು ನಾಲಗೆ ಇರಲಿಲ್ಲ, ತಟ್ಟಲು ಕೈ ಇರಲಿಲ್ಲ. ಯಾರೂ ಹೇಳದೆ ಅದೇ ಎದ್ದಿತು. ಬಿಳಿ ಕೇಸರದ ಕುದುರೆಯ ಪಕ್ಕದಿಂದ ಹಾದು, ಗೋಡೆಯನ್ನು ನೆಗೆದು, ಕುಂಟುತ್ತ ಹೋಗಿ ಗೆಲುವಿನ ಕಂಬ ದಾಟಿತು. ಆಗ ಪುಟ್ಟೀರಿಯ ಕಣ್ಣೂ ಕಲ್ಲಾದವು.

ಮರುಕ್ಷಣ ಮಾಯೆ ಬಿಚ್ಚಿಕೊಂಡಿತು. ಮೊದಲು ಹಸು ಬಾಯಲ್ಲಿದ್ದ ಹುಲ್ಲು ಅಗಿಯಿತು. ಮಜ್ಜಿಗೆ ಲೋಟಕ್ಕೆ ಬಿತ್ತು. ಒಂಬತ್ತು ವರ್ಷದ ಒಂಬತ್ತು ಕಲ್ಲುಗಳು ಸೀನಿ, ಕುದುರೆಯಿಂದ ಇಳಿದು, ತಮ್ಮ ಹೆಂಡಿರು ಎಲ್ಲಿ ಎಂದು ಕೇಳಿದವು. ಮಾಯೆಯ ಬಲದಲ್ಲೇ ನಿಂತಿದ್ದ ಬೂದಿಗಣ್ಣನ ಮೈ ಒಂದು ಮೊರದಷ್ಟು ಬೂದಿಯಾಗಿ ಸುರಿಯಿತು, ಗಾಳಿ ಅದನ್ನು ಗುಡಿಸಿಕೊಂಡು ಹೋಯಿತು. ಗೆದ್ದ ಕುದುರೆಯ ಹೆಸರೇನು ಎಂದು ಡಂಗುರದವನು ಓಡಿಬಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅವನು, ಕುದುರೆಹಟ್ಟಿಯ ಅದು ಗೆದ್ದಿತು ಎಂದೇ ಸಾರಿದ.

ಪುಟ್ಟೀರಿ ಕುದುರೆಯಿಂದ ಜಾರಿ ಇಳಿದು ಗೋಡೆಯ ಕಡೆ ಓಡಿದಳು. ಬಿಳಿ ಕೇಸರದ ಕುದುರೆ ನಿಂತಿದ್ದಲ್ಲಿ ಒಬ್ಬ ಮನುಷ್ಯ ಕೈಕಾಲು ನಾಲ್ಕನ್ನೂ ನೆಲಕ್ಕೂರಿ ನಿಂತಿದ್ದ. ಇಪ್ಪತ್ತೆರಡರ ಹರೆಯದಲ್ಲಿ ಹೋದ ದ್ಯಾವಣ್ಣ ಕುದುರೆಯ ವಯಸ್ಸಿನ ಲೆಕ್ಕದಲ್ಲಿ ಮುದಿಯಾಗಿದ್ದ. ತಲೆ ಪೂರಾ ಬಿಳಿ, ಹಲ್ಲು ಅರ್ಧ ಇರಲಿಲ್ಲ. ಮಾಯೆ ಹೋದರೂ ಅದು ತಿಂದ ವರ್ಷಗಳು ವಾಪಸು ಬರಲಿಲ್ಲ. ಹಿಂದೆ ಬಿದ್ದಿದ್ದ ಎರಡು ಕುದುರೆಗಳ ಜಾಗದಲ್ಲೂ ಹಾಗೆಯೇ ಇಬ್ಬರು ಮುದುಕರಿದ್ದರು. ಕಾಳವ್ವ ಬಂದು ಅವನೆದುರು ಮಂಡಿಯೂರಿ ಕೂತಳು.

“ಅವ್ವಾ,” ಅಂದ ಅವನು, ಮಾತು ಹುಡುಕಿಕೊಂಡು. “ನಾನೀಗ ನಿನಗಿಂತ ಮುದುಕ.”

“ಆಗ್ಲಿ ಬಿಡು,” ಅಂದಳು ಕಾಳವ್ವ. “ನಿನಗೆ ಮುದ್ದೆ ಮೆತ್ತಗೆ ತೊಳಸ್ತೀನಿ.” ಹಾಗೆಂದವಳು ಅವನ ಬಿಳಿ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ದ್ಯಾವಣ್ಣನಿಗೆ ಎರಡು ಕಾಲಿನ ಮೇಲೆ ನಿಲ್ಲುವುದು ಮರೆತುಹೋಗಿತ್ತು. ಕಾಳವ್ವ ದಿನವೂ ಅಂಗಳದಲ್ಲಿ ಅವನ ಎರಡು ಕೈ ಹಿಡಿದು, ತಾನು ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಅವನನ್ನು ಮುಂದೆ ಮುಂದೆ ಬರಮಾಡುತ್ತಿದ್ದಳು. ಬಿದ್ದರೆ ಪುಟ್ಟೀರಿ ಎತ್ತುತ್ತಿದ್ದಳು. ಬೇಲಿಯಾಚೆ ನಿಂತವರು ಮೊದಮೊದಲು ಕಣ್ಣೊರೆಸಿಕೊಂಡರು, ಆಮೇಲೆ ನಕ್ಕರು, ಆಮೇಲೆ ತಮ್ಮ ತಮ್ಮ ಮಕ್ಕಳನ್ನು ಬಾಯ್ತುಂಬ ಹೆಸರು ಹಿಡಿದು ಕೂಗುತ್ತ ಮನೆಗೆ ಹೋದರು. ಅವನು ಯಾರ ಕೈಯನ್ನೂ ಹಿಡಿಯದೆ ನಾಲ್ಕು ಹೆಜ್ಜೆ ನಡೆದ ದಿನ, ಅವನು ಮಗುವಾಗಿ ಮೊದಲ ಸಲ ನಡೆದಾಗ ಮಾಡಿದ ಹಾಗೆಯೇ, ಕಾಳವ್ವ ಹಟ್ಟಿಗೆಲ್ಲ ಪಾಯಸ ಬಡಿಸಿದಳು. ಹಟ್ಟಿಯವರೆಲ್ಲ ಹೊಟ್ಟೆ ತುಂಬ ಉಂಡರು. ಆ ನಾಡು ಅಂದಿನಿಂದ ಸುಖವಾಗಿದೆ.