ಎಲುನೆಡ್ ಹೆಣೆದ ಜಡೆಗಳು

ನನ್ನ ಹೆಂಡತಿ ಎಲುನೆಡ್ ತೀರಿಕೊಂಡಳೆಂದು ಆಸ್ಪತ್ರೆಯಿಂದ ತಿಳಿದ ದಿನ, ವೇಲ್ಸಿನ ನಮ್ಮ ಹಿತ್ತಲಲ್ಲಿ ಡ್ಯಾಫೊಡಿಲ್ ಹೂಗಳು ಬಾಡಿ, ಎಲೆಗಳು ನೆಲಕ್ಕೆ ಒರಗಿದ್ದವು. ಪ್ರತಿ ವಸಂತದಲ್ಲೂ ಹೂ ಮುಗಿದ ಮೇಲೆ ಅವಳು ಆ ಎಲೆಗಳಿಗೆ ಜಡೆ ಹೆಣೆಯುತ್ತಿದ್ದಳು.

“ಬಿಡೇ, ಎಲೆಗೆ ಬಿಸಿಲು ಬೀಳ್ಲಿ, ಗೆಡ್ಡೆ ಬಲಿಯುತ್ತೆ” ಎನ್ನುತ್ತಿದ್ದೆ.

“ಹೀಗೆ ತಲೆ ಕೆದರ್ಕೊಂಡಿದ್ರೆ ಚರ್ಚಿಗೆ ಹೋಗೋರು ಏನಂತಾರೆ? ನೀವು ಸುಮ್ನಿರ್ರೀ, ನಿಮ್ಮ ತಲೇಲಂತೂ ಹೆಣೆಯೋಕೆ ಏನೂ ಉಳಿದಿಲ್ಲ!”

ಅವಳನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ನೋಡಿದರೆ, ಬಾಗಿಲ ಬಳಿಯ ಒಂದು ಗುಂಪು ಬಿಟ್ಟು ಉಳಿದೆಲ್ಲ ಎಲೆಗಳಿಗೂ ಜಡೆ ಬಿದ್ದಿತ್ತು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಜಡೆಗಳು ಮಾತ್ರ ಬೆಚ್ಚಗಿದ್ದವು.

ಪಕ್ಕದ ಮನೆಯ ಮೈರ್ ಬಂದಾಗ, ಜಡೆ ಹೆಣೆದವಳು ನೀನೇನಾ ಎಂದು ಕೇಳಿದೆ.

“ನಾನಾ? ಮೊಮ್ಮಗಳ ಜಡೇನೇ ನಂಗೆ ನೆಟ್ಟಗೆ ಬರಲ್ಲ, ಗ್ವಿಲಿಮಣ್ಣ.”

ಉಳಿದಿದ್ದ ಗುಂಪಿನ ಮುಂದೆ ಮೊಣಕಾಲೂರಿ ನಾನೇ ಹೆಣೆದೆ. ಸೊಟ್ಟಗಾಯಿತು. “ಕೆಲಸ ಎಲ್ಲ ಮುಗೀತು ಕಣೇ, ಇನ್ನು ಮಲಕ್ಕೋ” ಎಂದೆ.

ಮರುದಿನ ಬೆಳಿಗ್ಗೆ ನಾನು ಹೆಣೆದಿದ್ದ ಜಡೆಯನ್ನು ಬಿಚ್ಚಿ ಮತ್ತೆ ಅಂದವಾಗಿ ಹೆಣೆಯಲಾಗಿತ್ತು. ಮುಟ್ಟಿದೆ. ಅದೂ ಬೆಚ್ಚಗಿತ್ತು.

ಕರ್ತನೇ, ಅವಳಿಗೆ ಶಾಂತಿ ಕೊಡು. ಆ ಕೈಗಳಿಗೂ ಇನ್ನು ವಿಶ್ರಾಂತಿ ಕೊಡು.